ಇದು ನಮ್ಮ ಬಿಸಿಬೇಳೆ ಬಾತೇ ಅಲ್ವಾ?

ಒಬ್ಬರ ಮನೆಗೆ ಊಟಕ್ಕೆ ಹೋದಾಗ ಏನು ಬೇಕಾದರೂ ಅನ್ನಿ. ಉಪ್ಪು ಜಾಸ್ತಿ ಅನ್ನಿ, ಖಾರ ಕಮ್ಮಿ ಅನ್ನಿ, ಹಸಿವೇ ಇಲ್ಲ ಅನ್ನಿ. ಆದರೆ ಬೆಳಗಿನಿಂದ ಒಲೆ ಮುಂದೆ ನಿಂತವಳ ಮುಖ ನೋಡಿಕೊಂಡು "ಇದು ನಮ್ಮ ಬಿಸಿಬೇಳೆ ಬಾತೇ ಅಲ್ವಾ?" ಅಂತ ಮಾತ್ರ ಅನ್ನಬೇಡಿ. ಅದೂ ಅವಳು ಬಡಿಸಿದ್ದು ಜಂಬಲಾಯ ಅನ್ನೋ ಅಮೆರಿಕದ ಅನ್ನದ ಅಡುಗೆ ಆಗಿದ್ದಾಗ.

ನಾವಿರುವುದು ಅಮೆರಿಕದ ಲೂಯಿಸಿಯಾನಾ ರಾಜ್ಯದ ಬ್ಯಾಟನ್ ರೂಜ್‌ನಲ್ಲಿ. ಇಲ್ಲಿ ಕ್ರಿಸ್‌ಮಸ್ ಮುಗಿಯಿತು ಅಂತ ಉಸಿರು ಬಿಡುವ ಹಾಗಿಲ್ಲ. ಜನವರಿ 6ಕ್ಕೆ ಮಾರ್ಡಿ ಗ್ರಾ ಕಾಲ ಶುರು. ಈಸ್ಟರ್‌ಗೆ 47 ದಿನ ಮುಂಚಿನ ಮಂಗಳವಾರದವರೆಗೂ ಮೆರವಣಿಗೆ, ಮಣಿಸರ, ತಿನ್ನೋದು, ಕುಡಿಯೋದು. ಬುಧವಾರದಿಂದ ವ್ರತದ ದಿನಗಳು, ಹಾಗಾಗಿ ತಿನ್ನೋದೆಲ್ಲ ಅಷ್ಟರೊಳಗೆ ತಿಂದು ಮುಗಿಸಬೇಕು. ಈ ಸಲದ ಪಾರ್ಟಿ ನಮ್ಮ ಮನೆಯಲ್ಲಿ, ಪಕ್ಕಾ ಲೂಯಿಸಿಯಾನಾ ಊಟ ಅಂತ ನನ್ನ ಗಂಡ ಆಫೀಸಿನಲ್ಲಿ ಹೇಳಿಬಂದರು. ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲೂ ಹಾಕಿದರು. ನನಗೆ ವಿಷಯ ಗೊತ್ತಾಗಿದ್ದು ಆ ಗುಂಪಿನಿಂದಲೇ.

ಮೊದಲ ತಲೆನೋವು ದಿನದ್ದು. 2026ರ ಮಾರ್ಡಿ ಗ್ರಾ ಬಿದ್ದಿದ್ದು ಫೆಬ್ರವರಿ 17ಕ್ಕೆ. ಅದರ ಹಿಂದಿನ ಶನಿವಾರ ವ್ಯಾಲೆಂಟೈನ್ಸ್ ಡೇ, ಹೊಸದಾಗಿ ಮದುವೆಯಾದವರು ಬರಲ್ಲ. ಭಾನುವಾರ ಶಿವರಾತ್ರಿ, ಮದುವೆಯಾಗಿ ಬಹಳ ಕಾಲವಾದವರು ಬರಲ್ಲ. ಕೊನೆಗೆ ಸೋಮವಾರ ಸಂಜೆ ಅಂತ ಆಯಿತು. "ಪಾರಣೆ ಮುಗಿಸಿಕೊಂಡು ಬರ್ತೀವಿ" ಅಂತ ಎಲ್ಲರೂ ಹೆಬ್ಬೆರಳು ಎತ್ತಿದರು. ಹೆಬ್ಬೆರಳಿನ ಕೆಳಗೇ ಶರತ್ತುಗಳು ಬಂದವು. ಒಬ್ಬರು ಮೊಟ್ಟೆ ಮುಟ್ಟಲ್ಲ. ಇನ್ನೊಬ್ಬರಿಗೆ ಮೊಟ್ಟೆ ಕಣ್ಣಿಗೆ ಕಾಣದಿದ್ದರೆ ಪರವಾಗಿಲ್ಲ. ಒಬ್ಬರಿಗೆ ಈರುಳ್ಳಿ ಬೆಳ್ಳುಳ್ಳಿ ಬೇಡ.

ಈರುಳ್ಳಿ ಬೇಡ ಅಂದರೆ ಏನು ಮಾಡೋದು ಹೇಳಿ. ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ, ಈ ಮೂರಕ್ಕೆ ಇಲ್ಲಿನವರು 'ಹೋಲಿ ಟ್ರಿನಿಟಿ' ಅಂತಲೇ ಹೆಸರಿಟ್ಟಿದ್ದಾರೆ. ತ್ರಿಮೂರ್ತಿಗಳಲ್ಲಿ ಒಬ್ಬರನ್ನು ಬಿಟ್ಟು ಪೂಜೆ ಮಾಡಿ ಅಂದ ಹಾಗಾಯಿತು. ಸಸ್ಯಾಹಾರದ್ದು ಇನ್ನೂ ದೊಡ್ಡ ಕಥೆ. ಗಂಬೋ ಅಂದರೆ ಇಲ್ಲಿನ ಗಟ್ಟಿ ಸಾರು, ಅದಕ್ಕೆ ಆಂಡೂಯಿ ಎಂಬ ಸಾಸೇಜು, ಸಿಗಡಿ, ಕೋಳಿ ಬೇಕು. ಕೆಂಪು ಕಾಳಿನ ಪಾತ್ರೆಯಲ್ಲೂ ಹಂದಿಮೂಳೆ ಅಡಗಿರುತ್ತದೆ. ಹೋಗಲಿ, ಬರೀ ಬೆಂಡೆಕಾಯಿ ಗಂಬೋ ಮಾಡೋಣ, ರುಚಿಗೆ ನಾಲ್ಕು ತೊಟ್ಟು ವೂಸ್ಟರ್ ಸಾಸ್ ಹಾಕೋಣ ಅಂತ ಅಂಗಡಿಯಲ್ಲಿ ಬಾಟಲಿ ತಿರುಗಿಸಿ ನೋಡಿದರೆ, ಇರುವೆಯಂಥ ಅಕ್ಷರದಲ್ಲಿ ಆಂಚೊವಿ. ಮೀನು! ಆ ಕಪ್ಪು ನೀರಿನಲ್ಲಿ ಮೀನು ಯಾಕಪ್ಪ?

ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಅವರು ಹುಟ್ಟಾ ಕೇಜನ್. 1755ರಲ್ಲಿ ಬ್ರಿಟಿಷರು ಕೆನಡಾದ ನೋವಾ ಸ್ಕೋಷಿಯಾ ಕಡೆಯಿಂದ ಓಡಿಸಿದ ಫ್ರೆಂಚ್ ಮಾತಿನ ರೈತರು ಅಲೆದಾಡಿ ಬಂದು ಈ ಜೌಗು ನೆಲದಲ್ಲಿ ಬೇರುಬಿಟ್ಟರಲ್ಲ, ಆ ಮನೆತನ. ನನ್ನನ್ನು ಪ್ರೀತಿಯಿಂದ 'ಶಾ' ಅಂತ ಕರೆಯುತ್ತಾರೆ. ಮಾಂಸ ಹಾಕದ ಗಂಬೋ ಅಂದಾಗ ಮಾತ್ರ ಆ ಪ್ರೀತಿ ಒಂದು ಕ್ಷಣ ನಿಂತುಹೋಯಿತು. ಆಮೇಲೆ ಬೆರಳೆತ್ತಿ ಒಂದೇ ಮಾತು ಹೇಳಿದರು: "ಏನು ಬೇಕಾದರೂ ಬಿಡು. ಟೊಮೆಟೊ ಮಾತ್ರ ಹಾಕಬೇಡ. ಅದು ನ್ಯೂ ಆರ್ಲಿಯನ್ಸ್‌ನವರ ಕೆಲಸ."

ನ್ಯೂ ಆರ್ಲಿಯನ್ಸ್ ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ. ಅಲ್ಲಿಯದು ಕ್ರಿಯೋಲ್ ಅಡುಗೆ. ಫ್ರೆಂಚರು, ಸ್ಪ್ಯಾನಿಷರು, ಆಫ್ರಿಕಾದಿಂದ ಹಿಡಿದು ತಂದವರು, ಎಲ್ಲರ ಕೈರುಚಿಯೂ ಸೇರಿದ ಪೇಟೆಯ ಅಡುಗೆ. ಬೆಣ್ಣೆ, ಕೆನೆ, ಟೊಮೆಟೊ ಧಾರಾಳ. ಕೇಜನ್ ಅಂದರೆ ಹಳ್ಳಿಯದು, ಒಂದೇ ಪಾತ್ರೆಯದು. ನನ್ನ ಗಂಡನ ಸಹೋದ್ಯೋಗಿ ಆ ಪೇಟೆಯ ಕ್ರಿಯೋಲ್ ಮನೆತನದವರು. ಅವರು ಕೆಂಪು ಜಂಬಲಾಯ ತರುತ್ತೇನೆ ಅಂದರು. ಅಜ್ಜಿ ಕೂಡಲೇ ಕಂದು ಜಂಬಲಾಯ ತಾವೇ ತರುತ್ತೇನೆ ಅಂದರು. ಮದುವೆ ಮನೆಯಲ್ಲಿ ಹೆಣ್ಣಿನ ಕಡೆ, ಗಂಡಿನ ಕಡೆ ಆದಹಾಗೆ ಆಯಿತು. ನನಗೆ ಎರಡು ಅಡುಗೆ ಉಳಿಯಿತಲ್ಲ ಅಂತ ಸುಮ್ನಿದ್ದೆ.

ಈಗ ಅಂಕಲ್ ವಿಷಯಕ್ಕೆ ಬರುತ್ತೇನೆ. ನಮ್ಮ ಬಳಗದ ಹಿರಿಯರು. ಹಾಸನದ ಕಡೆಯವರು, ಇಲ್ಲಿಗೆ ಬಂದು ಎಷ್ಟೋ ದಶಕಗಳಾಗಿವೆ. ಒಳ್ಳೆಯವರು, ಕಷ್ಟಕ್ಕೆ ಆಗುವವರು. ಒಂದೇ ಅಭ್ಯಾಸ. ಏನು ತಿಂದರೂ, ಏನು ನೋಡಿದರೂ "ಇದು ನಮ್ಮ ಇಂಥದ್ದೇ ಅಲ್ವಾ?" ಅನ್ನಬೇಕು.

ಗಂಬೋಗೆ ಮೊದಲು ರೂ ಮಾಡಬೇಕು. ಎಣ್ಣೆ, ಮೈದಾ ಸಮಸಮ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯುತ್ತಲೇ ಇರಬೇಕು. ಬಿಳಿ ಹೋಗಿ ಕಡಲೆಕಾಯಿ ಬಣ್ಣ, ಆಮೇಲೆ ತಾಮ್ರದ ಕಾಸು, ಆಮೇಲೆ ಚಾಕೊಲೇಟ್. ಮುಕ್ಕಾಲು ಗಂಟೆ ಕಣ್ಣು ಅತ್ತಿತ್ತ ಹೋಗಬಾರದು. ಒಂದು ಕಪ್ಪು ಚುಕ್ಕೆ ಕಂಡರೆ ಅಷ್ಟನ್ನೂ ಸುರಿದು ಹೊಸದಾಗಿ ಶುರು. ತಾಮ್ರ ದಾಟಿ ಚಾಕೊಲೇಟ್ ಹತ್ತಿರ ಬಂದಿತ್ತು. ಫೋನ್ ಹೊಡೆದುಕೊಂಡಿತು. ಮಗಳು ಸ್ಪೀಕರ್‌ಗೆ ಹಾಕಿದಳು.

"ಏನಮ್ಮ, ಏನು ತರಲಿ?"

"ಏನೂ ಬೇಡ ಅಂಕಲ್, ನೀವು ಬನ್ನಿ ಸಾಕು."

"ಏನೋ ಹುರಿಯೋ ಸದ್ದು ಬರ್ತಿದೆ?"

"ಹೂಂ ಅಂಕಲ್, ಮೈದಾ ಹುರೀತಿದ್ದೀನಿ."

"ಓಹೋ, ಉಪ್ಪಿಟ್ಟಾ?"

"ಅಲ್ಲ ಅಂಕಲ್, ಗಂಬೋ. ಆಮೇಲೆ ಮಾತಾಡ್ಲಾ?"

"ಮೈದಾ ಉಪ್ಪಿಟ್ಟು ಅಂಟುತ್ತಮ್ಮ. ರವೆ ಇಲ್ವಾ? ನಮ್ಮನೇಲಿ ಬನ್ಸಿ ರವೆ ಇದೆ, ತರ್ಲಾ?"

"ಬೇಡ ಅಂಕಲ್."

"ಸಂಕೋಚ ಬೇಡ. ದೊಡ್ಡ ಪ್ಯಾಕೆಟ್ಟು, ಹೆಂಗಿದ್ರೂ ಹುಳ ಬೀಳತ್ತೆ."

ನನ್ನ ಬಲಗೈ ತಿರುವುತ್ತಿದೆ, ಎಡಗೈ ಫೋನ್ ಇಡು ಅಂತ ಮಗಳಿಗೆ ಸನ್ನೆ ಮಾಡುತ್ತಿದೆ. ಅವಳು ನಗುವುದರಲ್ಲಿದ್ದಾಳೆ. ಅಂಕಲ್ ಮೈದಾ, ರವೆ, ಅವರಮ್ಮ ರವೆ ಹುರಿಯುತ್ತಿದ್ದ ಕಬ್ಬಿಣದ ಬಾಣಲೆ ಎಲ್ಲ ಮುಗಿಸಿ, ಕೊನೆಗೆ "ಆಯ್ತು, ನೀನು ಕೆಲಸದಲ್ಲಿದ್ದೀಯ, ನಾನು ಮಾತಾಡ್ತಾ ಕೂತೆ" ಅಂತ ನನ್ನ ಮೇಲೇ ಉಪಕಾರ ಹೊರಿಸಿ ಇಟ್ಟರು. ರೂ ಸೀಯಲಿಲ್ಲ. ನನ್ನ ಹೊಟ್ಟೆ ಸೀದಿತ್ತು.

ಸೋಮವಾರ ಸಂಜೆ ಎಲ್ಲರಿಗಿಂತ ಮೊದಲು ಬಂದರು. ಕೈಯಲ್ಲಿ ಬನ್ಸಿ ರವೆ.

ಟೇಬಲ್ ಮೇಲಿನ ಪ್ರತಿ ಪಾತ್ರೆಗೂ ನಾಮಕರಣ ನಡೆಯಿತು. ಬೆಂಡೆಕಾಯಿ ಗಂಬೋ ಬೆಂಡೆಕಾಯಿ ಹುಳಿಯಾಯಿತು. ಕೆಂಪು ಜಂಬಲಾಯ ಟೊಮೆಟೊ ಬಾತು, ಕಂದು ಜಂಬಲಾಯ ಬಿಸಿಬೇಳೆ ಬಾತು. ಬೇಳೆಯೇ ಇಲ್ಲವಲ್ಲ ಅಂಕಲ್ ಅಂದರೆ "ಬೇಳೆ ಮರೆತಿದ್ದಾರೆ ಅಷ್ಟೆ" ಅಂದರು. ಸೋಮವಾರ ಇಲ್ಲಿ ಹಿಂದೆ ಬಟ್ಟೆ ಒಗೆಯುವ ದಿನ. ಕೆಂಪು ಕಾಳನ್ನು ಒಲೆ ಮೇಲಿಟ್ಟು ಒಗೆಯಲು ಕೂತರೆ ಅದರ ಪಾಡಿಗೆ ಅದು ಬೇಯುತ್ತಿತ್ತು, ಆ ರೂಢಿ ಇನ್ನೂ ಉಳಿದಿದೆ ಅಂತ ನಾನು ಹಂದಿಮೂಳೆಯಿಲ್ಲದ ಕಾಳು ಬಡಿಸುತ್ತಾ ವಿವರಿಸಿದೆ. ಅದಕ್ಕೆ ಅವರೇನಂದರು ಅಂತ ಬರೆಯಬೇಕಾಗಿಲ್ಲ. ಗಂಡ ಮಾಡಿದ ಸಾಜೆರಾಕ್, 2008ರಿಂದ ನ್ಯೂ ಆರ್ಲಿಯನ್ಸಿನ ಅಧಿಕೃತ ಕಾಕ್‌ಟೇಲ್, ಕಷಾಯವಾಯಿತು. ಅದು ಮಾತ್ರ ನನಗೂ ಸರಿ ಅನಿಸಿತು. ಮಕ್ಕಳಿಗೆ ರಮ್ ಬಿಟ್ಟು ಮಾಡಿದ ಹರಿಕೇನ್ ಪಾನಕವಾಯಿತು.

ಆಗ ಅಜ್ಜಿ ತಮ್ಮ ಗಂಬೋ ಬಟ್ಟಲಿಗೆ ಒಂದು ಸೌಟು ತಣ್ಣನೆಯ ಆಲೂಗಡ್ಡೆ ಸಲಾಡ್ ಹಾಕಿಕೊಂಡರು. ಕೇಜನ್ನರ ಪದ್ಧತಿ ಅದು. ಅಂಕಲ್ ಸ್ತಬ್ಧರಾದರು. ಸಿಕ್ಕಿಬಿದ್ದರು ಅಂತ ನಾನು ಒಳಗೊಳಗೇ ಹಿಗ್ಗಿದೆ. ಎರಡು ತುತ್ತು ತಿನ್ನುವಷ್ಟು ಹೊತ್ತು ಯೋಚಿಸಿದರು. "ನೋಡಮ್ಮ, ಹುಳಿ ಅನ್ನದ ಪಕ್ಕದಲ್ಲಿ ಪಲ್ಯ ಇರತ್ತಲ್ಲ. ಇಲ್ಲಿ ಒಳಗೆ ಬಿದ್ದಿದೆ ಅಷ್ಟೆ."

ಊಟವಾದ ಮೇಲೆ ಅಜ್ಜಿ ತಮ್ಮೂರಿನ ಮಾರ್ಡಿ ಗ್ರಾ ಬಗ್ಗೆ ಹೇಳತೊಡಗಿದರು. ಅಲ್ಲಿ ಮಣಿಸರ ಎಸೆಯುವ ರಥಗಳಲ್ಲ. ಮುಖವಾಡ ಹಾಕಿದವರು ಕುದುರೆ ಮೇಲೆ ಮನೆಮನೆಗೆ ಹೋಗಿ ಹಾಡಿ ಕುಣಿದು, ಗಂಬೋಗೆ ಅಕ್ಕಿ, ಈರುಳ್ಳಿ, ಸಾಸೇಜು ಬೇಡುತ್ತಾರೆ. ಮನೆಯವರು ಜೀವಂತ ಕೋಳಿಯನ್ನು ಹಾರಿಬಿಡುತ್ತಾರೆ, ಇವರು ಕೆಸರಿನಲ್ಲಿ ಬಿದ್ದೆದ್ದು ಹಿಡಿಯಬೇಕು. ಅಂಕಲ್ ಕುರ್ಚಿ ಹತ್ತಿರ ಎಳೆದುಕೊಂಡರು. "ಕಾಮನ ಹಬ್ಬಕ್ಕೆ ನಾವೂ ಹೀಗೇ ಮನೆಮನೆಗೆ ಹೋಗಿ ಸೌದೆ, ಬೆರಣಿ ಕೇಳ್ತಿದ್ವಿ. ಕೊಡದಿದ್ರೆ ಕದೀತಿದ್ವಿ. ಒಂದು ಸಲ ನಮ್ಮ ಮೇಷ್ಟ್ರ ಮನೆ ಗೇಟನ್ನೇ ಸುಟ್ಟಿದ್ವಿ." ಅಜ್ಜಿ ನಕ್ಕು ನಕ್ಕು ಕೆಮ್ಮಿದರು. ಇಬ್ಬರೂ ಅವರವರ ಕೋಳಿ, ಸೌದೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಆ ಒಂದು ಹೋಲಿಕೆಗೆ ನನ್ನ ತಕರಾರಿಲ್ಲ. ನಾನು ಬಂದಾಗಿನಿಂದ ಊರಿನ ಯಾವ ಹಬ್ಬಕ್ಕೂ ಹೋಗಿಲ್ಲ ಅಂತ ಆಗ ನೆನಪಾಯಿತು.

ಸರಿ, ಇವತ್ತು ನಾನೇ ಒಂದು ಹೋಲಿಕೆ ಕೊಡೋಣ ಅಂತ ಚಿಕೋರಿ ಹಾಕಿದ ನ್ಯೂ ಆರ್ಲಿಯನ್ಸ್ ಕಾಫಿ ಮಾಡಿದೆ. ಕಪ್ಪು ಡಿಕಾಕ್ಷನ್, ಅರ್ಧಕ್ಕೆ ಅರ್ಧ ಬಿಸಿ ಹಾಲು. ಇಷ್ಟು ಊಟದಲ್ಲಿ ನಿಜವಾಗಿಯೂ ನಮ್ಮದರಂತೆ ಇದ್ದದ್ದು ಇದೊಂದೇ. ಅಂಕಲ್ ಗುಟುಕರಿಸಿದರು. ನಾನು ಕಾದೆ.

"ಇಲ್ಲಮ್ಮ," ಅಂದರು, "ಇದು ನಮ್ಮ ಕಾಫಿ ತರ ಇಲ್ಲ."

ಕೋಪ ನುಂಗಿಕೊಂಡು ಕಿಂಗ್ ಕೇಕ್ ತಂದೆ. ನೇರಳೆ, ಹಸಿರು, ಬಂಗಾರದ ಬಣ್ಣದ ಸಕ್ಕರೆ ಉದುರಿಸಿದ ಉಂಗುರದಂಥ ಕೇಕು. ಒಳಗೆ ಪ್ಲಾಸ್ಟಿಕ್ಕಿನ ಪುಟ್ಟ ಮಗು. ಯಾರ ತುಂಡಿನಲ್ಲಿ ಮಗು ಸಿಗುತ್ತದೋ ಮುಂದಿನ ಪಾರ್ಟಿ ಅವರದು. ಎಲ್ಲರೂ ತುಂಡನ್ನು ಚಮಚದಲ್ಲಿ ಕೆದಕಿ, ಬಗ್ಗಿ ನೋಡಿ ತಿನ್ನುತ್ತಿದ್ದರು. ಅಂಕಲ್ ಮಾತಾಡುತ್ತಾ ಒಂದೇ ಸಲ ಬಾಯಿಗೆ ಹಾಕಿದರು. ಟಕ್ ಅಂತು. ಮಗುವನ್ನು ಹೊರತೆಗೆದು, ಕರವಸ್ತ್ರದಲ್ಲಿ ಒರೆಸಿ, ದೀಪಕ್ಕೆ ಹಿಡಿದರು.

"ಇದು ನಮ್ಮ ಬಾಲಕೃಷ್ಣನೇ ಅಲ್ವಾ?"

ಮುಂದಿನ ಪಾರ್ಟಿ ನಿಮ್ಮದು ಅಂತ ಎಲ್ಲರೂ ಕೂಗಿದೆವು. "ನಾಳೆಗೆ ಸೀಸನ್ನೇ ಮುಗೀತಲ್ಲ" ಅಂತ ಮೊದಲು ಜಾರಿಕೊಂಡರು. ಆಮೇಲೆ ಮಗುವನ್ನು ಜೇಬಿಗೆ ಹಾಕಿಕೊಂಡು, "ಆಗ್ಲಿ, ಮುಂದಿನ ಜನವರಿ 6ಕ್ಕೆ ನಮ್ಮನೇಲಿ. ಗಂಬೋನೇ ಮಾಡೋಣ. ನೀನು ಬಂದು ಮಾಡಿಕೊಡಮ್ಮ, ಸಾಮಾನು ನಾನು ತಂದಿಡ್ತೀನಿ. ಟೊಮೆಟೊ ಎಷ್ಟು ಕೆಜಿ ಹಿಡಿಯತ್ತೆ?" ಅಂದರು.

ಅಜ್ಜಿಗೆ ಕನ್ನಡ ಬರಲ್ಲ. ಆದರೆ ಟೊಮೆಟೊ ಅನ್ನೋದು ಸ್ಪಷ್ಟವಾಗಿ ಕೇಳಿಸಿತು. ಬಾಗಿಲ ತನಕ ಹೋಗಿದ್ದವರು ವಾಪಸ್ ಬಂದರು.