ಎಲ್ಲಕ್ಕೂ ಆಲ್ಟಿಟ್ಯೂಡ್

ಹೊರಗೆ ಮೈನಸ್ 18, ಮನೆಯೊಳಗೆ 11. ಡೆನ್ವರ್‌ನ ಜನವರಿಯಲ್ಲಿ ಮೊನ್ನೆ ಮನೆ ಬೆಚ್ಚಗಿಡುವ ನಮ್ಮ ಗ್ಯಾಸ್ ಫರ್ನೇಸ್ ಕೈಕೊಟ್ಟಿತು. ನಾನು ಮಂಕಿ ಟೋಪಿಯಲ್ಲಿ, ಹೆಂಡತಿ ಎರಡು ಸ್ವೆಟರಿನಲ್ಲಿ, ಮಗ ರಜಾಯಿಯೊಳಗೆ. "8ರಿಂದ 12ರೊಳಗೆ ಬರ್ತೀವಿ" ಎಂದಿದ್ದ ಟೆಕ್ನೀಷಿಯನ್ 11.55ಕ್ಕೆ ಬಂದ. ಊರಿನ ಪ್ಲಂಬರಾದರೆ "ಐದೇ ನಿಮಿಷ ಸಾರ್" ಎಂದು ಸುಳ್ಳು ಹೇಳಿ ಆಸೆಯನ್ನಾದರೂ ಜೀವಂತ ಇಡುತ್ತಾನೆ. ಇಲ್ಲಿ ನಿಜ ಹೇಳಿಯೇ ಕಾಯಿಸುತ್ತಾರೆ.

ಪುಣ್ಯಾತ್ಮ ಬೇಸ್‌ಮೆಂಟಿಗಿಳಿದವನೇ, ಟಾರ್ಚ್ ಹಾಕುವ ಮೊದಲೇ "ಆಲ್ಟಿಟ್ಯೂಡ್" ಎಂದ.

ಸರಿ, ಒಪ್ಪಿದೆ. ಡೆನ್ವರ್ ಇರುವುದೇ 5,280 ಅಡಿ ಎತ್ತರದಲ್ಲಿ, ಕರಾರುವಾಕ್ಕಾಗಿ ಒಂದು ಮೈಲಿ. ತೆಳು ಗಾಳಿಯಲ್ಲಿ ಉರಿಗೆ ಆಮ್ಲಜನಕ ಸಾಲದು, ಅದಕ್ಕೇ ಫರ್ನೇಸಿಗೆ ಬಿಡುವ ಗ್ಯಾಸೂ ಕಮ್ಮಿ ಮಾಡಬೇಕು. ಸಾವಿರ ಅಡಿಗೆ ಶೇ 4ರಂತೆ ಎಂದು ಹಳೇ ಲೆಕ್ಕ. ಆದರೆ ಆಸಾಮಿ ಅಲ್ಲಿಗೇ ನಿಲ್ಲಲಿಲ್ಲ. ಮಗನ ಮೂಗಲ್ಲಿ ರಕ್ತವೇ? ಆಲ್ಟಿಟ್ಯೂಡ್. ಬೇಳೆ ಬೇಯುವುದಿಲ್ಲವೇ? ಆಲ್ಟಿಟ್ಯೂಡ್; ಇಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ ಎಂದು, ಬಿಚ್ಚಿದ ಫರ್ನೇಸ್ ಹಾಗೇ ಬಿಟ್ಟು, ಹತ್ತು ನಿಮಿಷ ಪಾಠ. ನಾನು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಅದಕ್ಕೂ ಆಲ್ಟಿಟ್ಯೂಡ್. (ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ ಮಾರಾಯ, ಅದು ಹೊಟ್ಟೆ.) ಕೊಟ್ಟ ಕಾಫಿ ಬೇಗ ಆರಿದ್ದಕ್ಕೂ ಅದೇ ಅಂದ. ಅಲ್ಲಯ್ಯಾ, ಮನೆ 11 ಡಿಗ್ರಿ ಇದೆ, ಅದಕ್ಕೇ ತಾನೆ ನಿನ್ನನ್ನು ಕರೆಸಿದ್ದು!

ಕೊನೆಗೆ ಸಿಕ್ಕಿದ ಕಳ್ಳ ಫ್ಲೇಮ್ ಸೆನ್ಸರ್, ಪೆನ್ಸಿಲಿಗಿಂತ ತೆಳ್ಳಗಿನ ಒಂದು ಕಡ್ಡಿ. ಕೊಳೆ ಕಟ್ಟಿದರೆ ಅದಕ್ಕೆ ಉರಿ ಕಾಣುವುದಿಲ್ಲ. ಹೊತ್ತಿದ ನಾಲ್ಕೈದು ಸೆಕೆಂಡಿಗೇ ಗ್ಯಾಸ್ ಬಂದ್. ಪಾತ್ರೆ ಉಜ್ಜುವಂಥ ಸ್ಟೀಲ್ ನಾರಿನಲ್ಲಿ ಎರಡು ಸಲ ಉಜ್ಜಿದ, ಹೊತ್ತಿಕೊಂಡಿತು.

"ಕೊಳೆ ಯಾಕೆ ಕೂತಿದ್ದು? ಆಲ್ಟಿಟ್ಯೂಡಾ?" ಎಂದೆ.

ಮಾತಾಡದೆ ಫಿಲ್ಟರ್ ಎಳೆದು ತೋರಿಸಿದ. ಕರಡಿ ತುಪ್ಪಳದಂತೆ ಧೂಳು. "ಇದು ನೀವು" ಎಂದ. 189 ಡಾಲರ್.

ರಾತ್ರಿ ತೀರ್ಥಹಳ್ಳಿಯಿಂದ ಅಮ್ಮನ ಫೋನು. ನಮ್ಮ ಬಚ್ಚಲ ಒಲೆ ನೆನಪಾಯಿತು. ಅಡಿಕೆ ಸಿಪ್ಪೆಯ ಉರಿ, ಹಂಡೆಯ ಬಿಸಿ, ಕುಕ್ಕರುಗಾಲಲ್ಲಿ ಕೂತು ಅಂಗೈ ಕಾಯಿಸುವ ನಾವು. ಉರಿ ಇದೆಯೋ ಇಲ್ಲವೋ ನೋಡಲು ಊದುಗೊಳವೆ ಹಿಡಿದ ಅಜ್ಜಿ. ಅವಳಿಗೆ ಮುಂಜಾನೆಯ ಮೊದಲ ಕಾಫಿಯೊಂದು ಕೊಟ್ಟರೆ ಸಾಕಿತ್ತು.

ಬಿಲ್ಲಿನ ಕಥೆಯನ್ನೆಲ್ಲ ಅಮ್ಮನ ಮುಂದೆ ತೋಡಿಕೊಂಡೆ. ಪೂರ್ತಿ ಕೇಳಿ, "ಪಾಪ, ಅಂಥಾ ಚಳೀಲಿ ಬಂದವ್ನಿಗೆ ಕಾಫಿಯಾದ್ರೂ ಕೊಟ್ರೇನೋ?" ಅಂದಳು.

"ಕೊಟ್ವಮ್ಮ. ಎರಡು ಸಲ."