ಫೈಲು ಎಲ್ಲಿಗೆ ಬಂತು?

ಏಳು ತಿಂಗಳಿಂದ ಯಾರು ಸಿಕ್ಕರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಮೆಡಿಕಲ್ ಬಂತಾ?" ಮೊದಮೊದಲು ಕೂರಿಸಿಕೊಂಡು ವಿವರವಾಗಿ ಹೇಳುತ್ತಿದ್ದೆ. ಆಮೇಲೆ "ಬರುತ್ತೆ ಬರುತ್ತೆ" ಅಂದು ಮುಗಿಸುತ್ತಿದ್ದೆ. ಕೊನೆಕೊನೆಗೆ ಫೋನ್ ಎತ್ತುವುದನ್ನೇ ಕಮ್ಮಿ ಮಾಡಿದೆ. ಮೊನ್ನೆ ಬಂತು. ಸಿಟ್ಟು ಸ್ವಲ್ಪ ಇಳಿದಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಎರಡು ತಿಂಗಳ ಹಿಂದೆ ಬರೆದಿದ್ದರೆ ಬರೀ ಬೈಗುಳ ಆಗಿರುತ್ತಿತ್ತು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾನು ಏರ್‌ಲೈನ್ ಪೈಲಟ್. ವಿಮಾನ ಹಾರಿಸಲು ಲೈಸೆನ್ಸ್ ಒಂದಿದ್ದರೆ ಸಾಲದು, ಚಾಲ್ತಿಯಲ್ಲಿರುವ ಮೆಡಿಕಲ್ ಸರ್ಟಿಫಿಕೇಟೂ ಬೇಕು. ಮೂಲ ನಿಯಮ ಇರುವುದು ಐಸಿಎಒ ಎಂಬ ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ಅನೆಕ್ಸ್ 1ರಲ್ಲಿ. ಅದನ್ನು ಆಯಾ ದೇಶಗಳು ಸ್ವಲ್ಪ ಆಚೀಚೆ ಮಾಡಿಕೊಂಡು ಪಾಲಿಸುತ್ತವೆ. ಏರ್‌ಲೈನ್ ಪೈಲಟ್‌ಗಳಿಗೆ ಕ್ಲಾಸ್ 1. ಅದು ಮಾಮೂಲಾಗಿ 12 ತಿಂಗಳಿಗೆ ಮಾತ್ರ, 60 ದಾಟಿದವರಿಗೆ ಬರೀ 6 ತಿಂಗಳು. ಕಣ್ಣು, ಕಿವಿ, ಬಿಪಿ, ಮೂತ್ರ, ಎದೆ, ಎಲ್ಲ ನೋಡುತ್ತಾರೆ. ಅಂದರೆ ಪ್ರತಿ ವರ್ಷ ಒಂದು ದಿನ ನಮ್ಮ ಕೆಲಸ ಉಳಿಯುತ್ತೋ ಹೋಗುತ್ತೋ ಅಂತ ಇನ್ನೊಬ್ಬರು ತೀರ್ಮಾನ ಮಾಡುತ್ತಾರೆ. ಅಭ್ಯಾಸ ಆಗುತ್ತೆ ಅಂತಾರೆ. ನನಗಂತೂ ಆಗಿಲ್ಲ. ಬಿಪಿ ಪಟ್ಟಿ ತೋಳಿಗೆ ಸುತ್ತಿದ ತಕ್ಷಣ ಬಿಪಿ ಏರುವವರಲ್ಲಿ ನಾನೂ ಒಬ್ಬ.

ನನಗೆ 42. ಈ ವಯಸ್ಸಿನಲ್ಲಿ ಇಸಿಜಿ ಎರಡು ವರ್ಷಕ್ಕೊಮ್ಮೆಯಾದರೂ ಆಗಬೇಕು, 50 ದಾಟಿದ ಮೇಲೆ ಪ್ರತಿ ವರ್ಷ. ಅವತ್ತು ಯಂತ್ರದಿಂದ ಹೊರಬಂದ ಕಾಗದವನ್ನು ಡಾಕ್ಟರು ಮಾಮೂಲಿಗಿಂತ ಎರಡು ಸೆಕೆಂಡ್ ಜಾಸ್ತಿ ನೋಡಿದರು. ಆ ಎರಡು ಸೆಕೆಂಡಿನಲ್ಲೇ ನನಗೆ ಗೊತ್ತಾಯಿತು. "ರೈಟ್ ಬಂಡಲ್ ಬ್ರಾಂಚ್ ಬ್ಲಾಕ್ ಥರ ಕಾಣ್ತಿದೆ. ಹಳೇ ಇಸಿಜಿಯಲ್ಲಿ ಇರಲಿಲ್ಲ ಅಲ್ವಾ?" ಅಂದರು.

ಬ್ಲಾಕ್ ಅಂದ ಕೂಡಲೇ ರಕ್ತನಾಳ ಕಟ್ಟಿಕೊಂಡಿದೆ ಅಂದುಕೊಳ್ಳಬೇಡಿ, ನಾನೂ ಮೊದಲು ಹಾಗೇ ಅಂದುಕೊಂಡೆ. ಇದು ವೈರಿಂಗ್ ವಿಷಯ. ಹೃದಯದ ಬಲಗಡೆಗೆ ಕರೆಂಟ್ ಒಯ್ಯುವ ದಾರಿ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅದಕ್ಕೇ ಬಲಭಾಗ ಒಂದು ಚೂರು ತಡವಾಗಿ ಬಡಿಯುತ್ತದೆ. ಇಸಿಜಿಯ ಮುಖ್ಯ ಅಲೆ 120 ಮಿಲಿಸೆಕೆಂಡಿಗಿಂತ ಅಗಲ ಆಗುತ್ತದೆ. ಗಟ್ಟಿಮುಟ್ಟಾಗಿರುವ ಎಷ್ಟೋ ಜನರಲ್ಲಿ ಇದು ಇರುತ್ತದೆ, ಏನೂ ತೊಂದರೆ ಮಾಡುವುದಿಲ್ಲ. ಆದರೆ ಹೊಸದಾಗಿ ಕಂಡರೆ ಹಿಂದೆ ಬೇರೇನಾದರೂ ಅಡಗಿದೆಯಾ ಅಂತ ನೋಡಲೇಬೇಕು. ಹೃದಯದಲ್ಲಿ ಕೆಲವು ಮಿಲಿಸೆಕೆಂಡ್ ತಡ, ಫೈಲಿನಲ್ಲಿ ಏಳು ತಿಂಗಳು ತಡ. ಆ ಅಲೆ ಇನ್ನೊಂದಿಷ್ಟು ಅಗಲ ಇದ್ದಿದ್ದರೆ ರಿಟೈರೇ ಆಗಿಬಿಡುತ್ತಿದ್ದೆನೇನೋ.

ಫಾರಂ ಮೇಲೆ "ಟೆಂಪರರಿ ಅನ್‌ಫಿಟ್" ಅಂತ ಬಿತ್ತು. ಟೆಂಪರರಿ ಅಂದರೆ ಎಷ್ಟು ದಿನ ಅಂತ ಎಲ್ಲೂ ಬರೆದಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ಬರುತ್ತದೆ. ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. 1972ರ ಜೂನ್ 18ರಂದು ಲಂಡನ್ ಹತ್ತಿರ ಸ್ಟೇನ್ಸ್‌ನಲ್ಲಿ ಟ್ರೈಡೆಂಟ್ ವಿಮಾನ ಬಿದ್ದು, ಅದರಲ್ಲಿದ್ದ 118 ಜನರೂ ಸತ್ತರು. ಕ್ಯಾಪ್ಟನ್ನಿಗೆ ಗಂಭೀರ ಹೃದಯ ಕಾಯಿಲೆ ಇದ್ದದ್ದು ಪೋಸ್ಟ್‌ಮಾರ್ಟಂನಲ್ಲಿ ಗೊತ್ತಾಯಿತು. ತನಿಖೆಯವರು ಹಿನ್ನೆಲೆಯ ಕಾರಣಗಳಲ್ಲಿ ಅದನ್ನೂ ಸೇರಿಸಿದರು. ಇದು ಗೊತ್ತಿರುವ ಯಾವ ಪೈಲಟ್ಟೂ ಇಸಿಜಿ ಸುಮ್ನೆ ಮಾಡ್ತಾರೆ ಅನ್ನಲಾರ. ನನ್ನ ಎದೆಯಲ್ಲಿ ಏನೋ ಇದ್ದರೆ ಮೊದಲು ಗೊತ್ತಾಗಬೇಕಾದದ್ದು ನನಗೇ ತಾನೆ?

ಎರಡು ವಾರದಲ್ಲಿ ಎಲ್ಲ ಟೆಸ್ಟ್ ಮುಗಿಸಿದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಆಯಿತು. ಹೋಲ್ಟರ್ ಆಯಿತು, ಅಂದರೆ 24 ಗಂಟೆ ಎದೆಗೆ ವೈರು ಅಂಟಿಸಿಕೊಂಡು ಸೊಂಟಕ್ಕೆ ಡಬ್ಬಿ ಕಟ್ಟಿಕೊಂಡು ಓಡಾಡುವುದು. ಮಲಗಿದ್ದು, ಎದ್ದಿದ್ದು, ಮೆಟ್ಟಿಲು ಹತ್ತಿದ್ದು ಎಲ್ಲವನ್ನೂ ಚೀಟಿಯಲ್ಲಿ ಬರೆಯಬೇಕು. ಆಮೇಲೆ ಟ್ರೆಡ್‌ಮಿಲ್. ಬ್ರೂಸ್ ಪ್ರೋಟೋಕಾಲ್ ಅಂತ ಅದಕ್ಕೆ. ಮೂರು ಮೂರು ನಿಮಿಷಕ್ಕೆ ವೇಗವೂ ಏರುತ್ತದೆ, ಇಳಿಜಾರೂ ಏರುತ್ತದೆ. ಶುರುವಿನಲ್ಲಿ ಗಂಟೆಗೆ 2.7 ಕಿಲೋಮೀಟರ್, ಅಜ್ಜಂದಿರ ವಾಕಿಂಗ್ ಥರ. ನಾಲ್ಕನೇ ಹಂತಕ್ಕೆ ಬಂದಾಗ 6.7 ಕಿಲೋಮೀಟರ್, 16 ಪರ್ಸೆಂಟ್ ಏರು, ಗುಡ್ಡ ಹತ್ತಿದ ಹಾಗೆ. ಎದೆಯ ಕೂದಲು ಚೌಕ ಚೌಕವಾಗಿ ಬೋಳಿಸಿದ್ದರು. ಅದು ಮತ್ತೆ ಬೆಳೆಯುವಾಗ ಆದ ತುರಿಕೆಯೇ ಇಡೀ ಟೆಸ್ಟಿನ ಕಷ್ಟದ ಭಾಗ. ಹೃದಯದ ಡಾಕ್ಟರು ಎಲ್ಲ ನೋಡಿ "ಏನೂ ಇಲ್ಲ, ಹೋಗಿ ಹಾರಿಸಿ" ಅಂದರು.

ಅಷ್ಟು ಸುಲಭ ಇದ್ದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಕಾಗದಗಳು ಸರ್ಟಿಫಿಕೇಟ್ ಮಂಜೂರು ಮಾಡುವ ಮೆಡಿಕಲ್ ವಿಭಾಗಕ್ಕೆ ಹೋದವು. ಆಮೇಲೆ ಸದ್ದಿಲ್ಲ. ಪೋರ್ಟಲ್ಲಿನಲ್ಲಿ ಒಂದು ಸಾಲು: "ಪರಿಶೀಲನೆಯಲ್ಲಿದೆ". ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಅದನ್ನೇ ನೋಡುವುದು. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ, ರಾತ್ರಿ ಹತ್ತಕ್ಕೆ ಯಾವ ಆಫೀಸೂ ಫೈಲು ನೋಡುವುದಿಲ್ಲ ಅಂತ ಗೊತ್ತಿದ್ದೂ. ಫೋನ್ ಮಾಡಿದರೆ "ಸರದಿಯಲ್ಲಿದೆ ಸರ್". ನನ್ನ ಮುಂದೆ ಹತ್ತು ಜನ ಇದ್ದಾರೋ ಸಾವಿರ ಜನ ಇದ್ದಾರೋ? "ಅದು ಹೇಳಕ್ಕಾಗಲ್ಲ ಸರ್."

ಆರು ವಾರ ಆದ ಮೇಲೆ ಪತ್ರ ಬಂತು. ಹೋಲ್ಟರ್ ರಿಪೋರ್ಟಿನ ಸಾರಾಂಶದ ಒಂದು ಹಾಳೆ ಮಾತ್ರ ಇದೆ, ಇಸಿಜಿ ಪಟ್ಟಿಗಳು ಇಲ್ಲ, ಕಳಿಸಿ ಅಂತ. ಇದರಲ್ಲಿ ತಪ್ಪು ನನ್ನದೇ. ಪೂರ್ತಿ ರಿಪೋರ್ಟು ಮನೆಯ ಡ್ರಾದಲ್ಲಿ ಬಿದ್ದಿತ್ತು. ಇಷ್ಟೊಂದು ಪುಟ ಯಾರು ಓದುತ್ತಾರೆ ಅಂತ ನಾನೇ ಜಾಣತನ ಮಾಡಿ ಒಂದು ಹಾಳೆ ಕಳಿಸಿದ್ದೆ. ಅವರು ನೋಡುವುದು ಡಾಕ್ಟರ ತೀರ್ಪನ್ನಲ್ಲ, ಆ ತೀರ್ಪಿಗೆ ಏನು ಆಧಾರ ಅನ್ನುವುದನ್ನು. ಈ ವ್ಯತ್ಯಾಸ ತಿಳಿಯಲು ನನಗೆ ಆರು ವಾರ ಬೇಕಾಯಿತು. ಅವತ್ತೇ ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದೆ.

ಮತ್ತೆ ಎಂಟು ವಾರ. ಇನ್ನೊಂದು ಪತ್ರ. ಇದನ್ನು ನಾನು ಮೂರು ಸಲ ಓದಿದೆ. ಟ್ರೆಡ್‌ಮಿಲ್ ರಿಪೋರ್ಟು 90 ದಿನಕ್ಕಿಂತ ಹಳೆಯದು, ಹೊಸದು ಬೇಕು.

ಅದು ಹಳೆಯದಾದದ್ದು ಎಲ್ಲಿ ಸ್ವಾಮಿ? ನಿಮ್ಮ ಮೇಜಿನ ಮೇಲೇ ಅಲ್ವಾ! ನನ್ನ ಕೈ ಬಿಟ್ಟಾಗ ಅದಕ್ಕೆ ಒಂದು ವಾರದ ವಯಸ್ಸು. ಮೊದಲ ಪತ್ರ ಬರೆದಾಗಲೂ 90 ದಿನ ಆಗಿರಲಿಲ್ಲ. ಅವತ್ತೇ ಇಡೀ ಫೈಲು ನೋಡಿ ಮುಗಿಸಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ. ಒಂದು ಕೊರತೆ ಸಿಕ್ಕ ಕೂಡಲೇ ಮುಂದಿನ ಪುಟ ತಿರುಗಿಸದೆ ವಾಪಸ್ ಕಳಿಸಿದರು, ನಾನು ಮತ್ತೆ ಸಾಲಿನ ತುದಿಗೆ ಹೋಗಿ ನಿಂತೆ. ನನ್ನ ದೂರು ಇದೊಂದೇ. ಎಷ್ಟಾದರೂ ಪ್ರಶ್ನೆ ಕೇಳಿ, ಒಂದೇ ಸಲ ಕೇಳಿ. ಯಾವಾಗ ನೋಡುತ್ತೀರಿ ಅಂತ ಒಂದು ತಾರೀಖು ಹೇಳಿ. ಅದು ಮೂರು ತಿಂಗಳ ಆಚೆ ಇದ್ದರೂ ಪರವಾಗಿಲ್ಲ, ಮನುಷ್ಯ ಅದಕ್ಕೆ ತಕ್ಕಂತೆ ಬದುಕು ಹೊಂದಿಸಿಕೊಳ್ಳುತ್ತಾನೆ.

ಮತ್ತೆ ಎದೆ ಬೋಳಿಸಿದರು. ಮತ್ತೆ ಗುಡ್ಡ ಹತ್ತಿದೆ.

ಇದರ ಜೊತೆ ಬೇರೆ ಗಡಿಯಾರಗಳೂ ಓಡುತ್ತಿರುತ್ತವೆ. 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿಲ್ಲ ಅಂದರೆ ರೀಸೆನ್ಸಿ, ಅಂದರೆ ಇತ್ತೀಚೆಗೆ ಹಾರಿಸಿದ್ದಾನೆ ಅನ್ನುವ ಅರ್ಹತೆ, ಹೋಯಿತು. ವರ್ಷಕ್ಕೆ ಎರಡು ಸಲ ಆಗಬೇಕಾದ ಪ್ರೊಫಿಷಿಯನ್ಸಿ ಚೆಕ್, ಅಂದರೆ ಹಾರಿಸುವ ಕೌಶಲದ ಪರೀಕ್ಷೆ, ಕೂಡ ತಪ್ಪಿತು. ಮೆಡಿಕಲ್ ಬಂದ ಮಾರನೇ ದಿನವೇ ಹಾರಬಹುದು ಅಂದುಕೊಳ್ಳುವವರು ಇದನ್ನು ಲೆಕ್ಕಕ್ಕೆ ಇಟ್ಟಿರುವುದಿಲ್ಲ. ಸಿಮ್ಯುಲೇಟರಿನಲ್ಲಿ (ಅಭ್ಯಾಸದ ನಕಲಿ ಕಾಕ್‌ಪಿಟ್) ಸ್ಲಾಟ್ ಸಿಗಬೇಕು, ಟ್ರೈನರ್ ಸಿಗಬೇಕು, ರೋಸ್ಟರಿನಲ್ಲಿ ಹೆಸರು ಬರಬೇಕು. ಹಾರಾಟದ ಭತ್ಯೆ ನಿಂತದ್ದರ ಬಗ್ಗೆ ಬರೆಯುವುದಿಲ್ಲ, ಮನೆಯಲ್ಲಿ ಅದರ ಬಗ್ಗೆ ಬೇಕಾದಷ್ಟು ಮಾತಾಗಿದೆ. ಒಂದು ದಿನ ಬ್ಯಾಗ್ ತೆಗೆದಾಗ ಹೆಡ್‌ಸೆಟ್ಟಿನ ಕಿವಿಯ ಮೆತ್ತೆ ಪುಡಿಪುಡಿಯಾಗಿ ಕೈಗೆ ಅಂಟಿತು. ಅವತ್ತು ಯಾಕೋ ತುಂಬ ಬೇಜಾರಾಯಿತು.

ಆಗೆಲ್ಲ ನಾನು ಹಳೇ ಕಥೆಗಳನ್ನು ಹುಡುಕಿ ಓದುತ್ತಿದ್ದೆ. ಡೀಕ್ ಸ್ಲೇಟನ್ ಅಮೆರಿಕದ ಮೊದಲ ಏಳು ಗಗನಯಾತ್ರಿಗಳಲ್ಲಿ ಒಬ್ಬ. 1962ರಲ್ಲಿ ಹೃದಯ ಬಡಿತದ ಏರುಪೇರು ಕಂಡಿತು ಅಂತ ಕೆಳಗಿಳಿಸಿದರು. ಹತ್ತು ವರ್ಷ ಕಾದ. ಆ ಹತ್ತು ವರ್ಷ ಯಾರು ಯಾವ ನೌಕೆಯಲ್ಲಿ ಹೋಗಬೇಕು ಅಂತ ಆರಿಸುತ್ತಿದ್ದವನು ಇವನೇ. ಬೇರೆಯವರನ್ನು ಚಂದ್ರನಿಗೆ ಕಳಿಸಿ ತಾನು ಕೆಳಗೆ ಕೂತಿದ್ದ. 1972ರಲ್ಲಿ ಮೆಡಿಕಲ್ ವಾಪಸ್ ಬಂತು, 1975ರಲ್ಲಿ 51ನೇ ವಯಸ್ಸಿಗೆ ಅಮೆರಿಕ-ಸೋವಿಯತ್ ಜಂಟಿ ಯಾನವಾದ ಅಪೋಲೋ-ಸೋಯುಜ್‌ನಲ್ಲಿ ಹಾರಿದ. ಅದೇ ಏಳು ಜನರಲ್ಲಿದ್ದ ಅಲನ್ ಶೆಪರ್ಡ್ ಕೂಡ ಹಾಗೇ. ಕಿವಿಯ ಮೆನಿಯರ್ಸ್ ಕಾಯಿಲೆಯಿಂದ ವರ್ಷಗಟ್ಟಲೆ ಕೂತಿದ್ದು, ಆಪರೇಷನ್ ಆಗಿ, 1971ರಲ್ಲಿ ಚಂದ್ರನ ಮೇಲೆ ನಡೆದ.

ಬಾಬ್ ಹೂವರ್ ಕಥೆ ಇನ್ನೂ ಮಜಾ. ಏರ್‌ಶೋ ದಿಗ್ಗಜ. 1990ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಮೆಡಿಕಲ್ ಕಿತ್ತುಕೊಂಡರು, ಅದು ವಾಪಸ್ ಬಂದದ್ದು 1995ರಲ್ಲಿ. ಆ ನಡುವೆ ಆಸ್ಟ್ರೇಲಿಯಾ ಅವನನ್ನು ಫಿಟ್ ಅಂತ ಒಪ್ಪಿ ಹಾರಲು ಬಿಟ್ಟಿತ್ತು. ಅದೇ ದೇಹ, ಅದೇ ಮಿದುಳು, ಎರಡು ದೇಶದಲ್ಲಿ ಎರಡು ತೀರ್ಪು.

ಈಗ ನನಗೆ ನಿಜವಾಗಿ ಹೇಳಬೇಕಿರುವ ವಿಷಯಕ್ಕೆ ಬರುತ್ತೇನೆ. ನಾನು ಹಾರಾಟವಿಲ್ಲದೆ ಕೂತಿದ್ದಾಗ ಒಬ್ಬ ಪೈಲಟ್ ಹುಡುಗ ಫೋನ್ ಮಾಡಿದ, ನನಗಿಂತ ಹದಿನೈದು ವರ್ಷ ಚಿಕ್ಕವನು. "ಸರ್, ರಾತ್ರಿ ನಿದ್ದೆ ಬರ್ತಿಲ್ಲ, ಡಾಕ್ಟರ್ ಹತ್ತಿರ ಹೋಗೋಣ ಅಂದ್ರೆ ನಿಮ್ಮ ಕೇಸ್ ನೋಡಿ ಭಯ ಆಗ್ತಿದೆ" ಅಂದ. ಹೋಗು ಅಂತ ಹೇಳಿದೆ, ಎರಡು ಸಲ ಹೇಳಿದೆ. ಆದರೆ ನನ್ನ ದನಿಯಲ್ಲೇ ಧೈರ್ಯ ಇರಲಿಲ್ಲ.

ಇವನೊಬ್ಬನ ಕಥೆಯಲ್ಲ ಇದು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ 3,765 ಪೈಲಟ್‌ಗಳನ್ನು ಕೇಳಿದ್ದರು. ಮೆಡಿಕಲ್ ಹೋಗುತ್ತದೆ ಅನ್ನುವ ಭಯಕ್ಕೆ ಡಾಕ್ಟರಿಂದ ತಪ್ಪಿಸಿಕೊಂಡಿದ್ದೇವೆ, ಮುಚ್ಚಿಟ್ಟಿದ್ದೇವೆ ಎಂಬಂಥ ಉತ್ತರ ಕೊಟ್ಟವರು 56 ಪರ್ಸೆಂಟ್. ಅರ್ಧಕ್ಕಿಂತ ಜಾಸ್ತಿ! 2015ರ ಜರ್ಮನ್‌ವಿಂಗ್ಸ್ ದುರಂತ ನೆನಪಿರಬಹುದು, ಕೋಪೈಲಟ್ ಬೇಕೆಂದೇ ವಿಮಾನವನ್ನು ಫ್ರಾನ್ಸಿನ ಬೆಟ್ಟಕ್ಕೆ ಗುದ್ದಿಸಿದ, 150 ಜನ ಸತ್ತರು. ತನ್ನ ಮಾನಸಿಕ ಕಾಯಿಲೆಯನ್ನು ಅವನು ಕಂಪನಿಗೆ ಹೇಳಿರಲಿಲ್ಲ. ಅವನು ಮಾಡಿದ್ದಕ್ಕೆ ಯಾವ ಸಬೂಬೂ ಇಲ್ಲ. ಆದರೆ ಲೈಸೆನ್ಸ್ ಹೋದರೆ ಹಣದ ಗತಿ ಏನು ಎಂಬ ಚಿಂತೆ ಪೈಲಟ್‌ಗಳ ಬಾಯಿ ಕಟ್ಟುತ್ತದೆ ಅನ್ನುವುದನ್ನು ಫ್ರಾನ್ಸಿನ ತನಿಖಾ ಸಂಸ್ಥೆ ತನ್ನ ವರದಿಯಲ್ಲೇ ಹೇಳಿದೆ. ಇಡೀ ಮೆಡಿಕಲ್ ವ್ಯವಸ್ಥೆ ನಿಂತಿರುವುದು ಪೈಲಟ್ ತಾನಾಗಿ ಬಾಯಿ ಬಿಡುವುದರ ಮೇಲೆ. ಇಸಿಜಿಯಲ್ಲಿ ಬಂಡಲ್ ಬ್ರಾಂಚ್ ಕಾಣುತ್ತದೆ, ನಿದ್ದೆಗೇಡು ಕಾಣುವುದಿಲ್ಲ. ಹೇಳಿದವನು ಏಳು ತಿಂಗಳು ಕೂರಬೇಕು, ಹೇಳದವನು ನಾಳೆ ಬೆಳಿಗ್ಗೆ ಹಾರಬಹುದು ಅಂದರೆ ಆ ಹುಡುಗ ಏನು ಕಲಿಯುತ್ತಾನೆ? ಈ ವಿಳಂಬವನ್ನು ಬರೀ ಪೈಲಟ್‌ಗಳ ಗೋಳು ಅಂತ ತಳ್ಳಿಹಾಕುವವರು ಇದನ್ನು ಯೋಚಿಸಬೇಕು. ಹಿಂದಿನ ಸೀಟಿನಲ್ಲಿ ಕೂರುವವರು ಅವರೇ.

ದಾರಿ ಇಲ್ಲ ಅಂತೇನಿಲ್ಲ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 2013ರಲ್ಲಿ ಒಂದು ಪದ್ಧತಿ ತಂದಿತು. ಹೈಪೋಥೈರಾಯಿಡ್, ಮೈಗ್ರೇನ್, ಆಸ್ತಮಾ, ಕಿಡ್ನಿ ಕಲ್ಲು ಥರದ ಕೆಲವು ಕಾಯಿಲೆಗಳಿಗೆ ಒಂದೊಂದು ಹಾಳೆ. ಅದರಲ್ಲಿರುವ ಷರತ್ತೆಲ್ಲ ಸರಿಹೋದರೆ ಪರೀಕ್ಷೆ ಮಾಡಿದ ಡಾಕ್ಟರೇ ಅಲ್ಲೇ ಸರ್ಟಿಫಿಕೇಟ್ ಕೊಡಬಹುದು, ಫೈಲು ಮೇಲಕ್ಕೆ ಹೋಗಬೇಕಿಲ್ಲ. ಏನೇನು ಕಾಗದ ಬೇಕು ಅಂತ ಮೊದಲೇ ಗೊತ್ತಿರುತ್ತದೆ. ನನಗೆ ಬೇಕಿದ್ದದ್ದು ಅಂಥ ಒಂದು ಹಾಳೆ.

ನನ್ನ ಹಾಗೆ ಸಿಕ್ಕಿಹಾಕಿಕೊಂಡವರು ಇನ್‌ಬಾಕ್ಸಿನಲ್ಲಿ ಏನು ಮಾಡೋದು ಅಂತ ಕೇಳುತ್ತಿದ್ದೀರಿ. ಜಾಣತನ ಮಾಡಬೇಡಿ, ಎಲ್ಲ ಪುಟ ಕಳಿಸಿ. "ಫಿಟ್ ಇದ್ದಾರೆ" ಅಂತ ಒಂದು ಸಾಲು ಬರೆಸಿಕೊಂಡರೆ ಉಪಯೋಗ ಇಲ್ಲ. ಏನು ಕಾಯಿಲೆ, ಯಾವ ಟೆಸ್ಟ್ ಯಾವತ್ತು ಆಯಿತು, ಏನು ಬಂತು, ಔಷಧಿ ಏನು, ಮುಂದೆ ಎಷ್ಟು ದಿನಕ್ಕೊಮ್ಮೆ ನೋಡಬೇಕು, ಇವಿಷ್ಟು ಡಾಕ್ಟರ ಪತ್ರದಲ್ಲಿರಲಿ. ಮೇಲೆ ಒಂದು ಹಾಳೆಯಲ್ಲಿ ಒಳಗೆ ಏನೇನಿದೆ ಅಂತ ಪಟ್ಟಿ ಹಾಕಿ, ನೋಡುವವರೂ ಮನುಷ್ಯರೇ. ಇಡೀ ಸೆಟ್ಟಿನ ಒಂದು ಕಾಪಿ ನಿಮ್ಮ ಹತ್ತಿರ ಇರಲಿ. ಅವಧಿ ಮುಗಿಯುವ ಹಿಂದಿನ ವಾರ ಓಡಬೇಡಿ. ಯುರೋಪಿನ ನಿಯಮದಲ್ಲಂತೂ 45 ದಿನ ಮುಂಚೆ ಮಾಡಿಸಿದರೂ ಹಳೇ ತಾರೀಖಿನಿಂದಲೇ ಮುಂದಿನ ಅವಧಿ ಎಣಿಸುತ್ತಾರೆ, ಒಂದು ದಿನವೂ ನಷ್ಟವಿಲ್ಲ.

ಮೊನ್ನೆ ಮಧ್ಯಾಹ್ನ ಮೇಲ್ ಬಂದಾಗ ತೆರೆಯಲು ಕೈ ನಡುಗಿತು. ಕ್ಲಾಸ್ 1, ಫಿಟ್. ಮನೆಯವರೆಲ್ಲ ಕುಣಿದರು. ನಾನು ಕೆಳಗಿನ ಸಾಲು ಓದುತ್ತಿದ್ದೆ. ಮೆಡಿಕಲ್ ಅವಧಿ ಶುರುವಾಗುವುದು ಮಂಜೂರಾದ ದಿನದಿಂದಲ್ಲ, ಪರೀಕ್ಷೆ ಮಾಡಿಸಿದ ದಿನದಿಂದ. ಅದು ಏಳು ತಿಂಗಳ ಹಿಂದೆ. ಹನ್ನೆರಡರಲ್ಲಿ ಏಳು ಕಳೆದರೆ ಐದು.

ಐದು ತಿಂಗಳಿಗೆ ಮತ್ತೆ ಅದೇ ಕುರ್ಚಿ, ಅದೇ ಬಿಪಿ ಪಟ್ಟಿ. ನಿನ್ನೆ ಹೃದಯದ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿ ಹೋಲ್ಟರಿಗೆ ಈಗಲೇ ತಾರೀಖು ತಗೊಂಡೆ. ರಿಸೆಪ್ಷನಿನ ಹುಡುಗಿ "ಅಷ್ಟು ಬೇಗ ಯಾಕೆ ಸರ್?" ಅಂದಳು.