ಓಡು ಅಂದರು, ಓಡಿದೆ

ಗುರುವಾರ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ. ಮೊಣಕಾಲಿನ ತರಚು ಗಾಯಕ್ಕಿಂತ ಅದೇ ಜಾಸ್ತಿ ಉರಿಯುತ್ತಿದೆ.

ಶಿಕಾಗೋದಲ್ಲಿ ನಮ್ಮ ಆಫೀಸಿಗೂ ಒಂದು ಸಾಫ್ಟ್‌ಬಾಲ್ ಟೀಮಿದೆ. ಬಾಲು ಹೊಡೆದು ಬೇಸಿನಿಂದ ಬೇಸಿಗೆ ಓಡುವ, ಬೇಸ್‌ಬಾಲಿನ ತಮ್ಮನಂಥ ಆಟ. ಹತ್ತನೇ ಆಳು ಸಿಗದಿದ್ದಾಗ "ನೀನು ಕ್ರಿಕೆಟ್ ಆಡಿದವನಲ್ವಾ, ಬಾ" ಅಂತ ನನ್ನನ್ನು ಎಳೆದುಕೊಂಡು ಹೋದರು. ಆ ಕ್ರಿಕೆಟ್ಟೇ ಮುಳುವಾಯಿತು. ಮೊದಲ ಮ್ಯಾಚಿನಲ್ಲಿ ಬಾಲನ್ನು ಮೆತ್ತಗೆ ತಟ್ಟಿ, ಕೈಯೆತ್ತಿ "ನೋ" ಅಂತ ನಿಂತೆ. ಫೇರ್ ಬಾಲ್, ಅಂದರೆ ಗೆರೆಗಳ ಒಳಗಿನ ಬಾಲ್, ಹೊಡೆದ ಮೇಲೆ ಓಡಲೇಬೇಕಂತೆ. ಮುಂದಿನ ಸಲ ಓಡಿದೆ, ಬ್ಯಾಟ್ ಸಮೇತ. ಫಸ್ಟ್ ಬೇಸ್ ಹತ್ತಿರ ಬಗ್ಗಿ ಬ್ಯಾಟ್ ಊರಿದೆ ಕೂಡ.

ಹೋಗಲಿ, ನಾನು ಗೊತ್ತಿಲ್ಲದವನು. ನನ್ನ ಸಿಟ್ಟಿರುವುದು ಎಲ್ಲ ಗೊತ್ತಿರುವ ನಮ್ಮ ಕೋಚ್ ಮೇಲೆ. ಥರ್ಡ್ ಬೇಸ್ ಪಕ್ಕ ಸೊಂಟದ ಮೇಲೆ ಕೈಯಿಟ್ಟು, ಸೂರ್ಯಕಾಂತಿ ಬೀಜ ಅಗಿಯುತ್ತಾ ನಿಲ್ಲುತ್ತಾರೆ. ಸಿಪ್ಪೆಗೊಂದು ರೂಲು ಉದುರುತ್ತದೆ. "ಟೈ ಆದರೆ ರನ್ನರ್ ನಾಟೌಟ್." ಥೂ. "ಕೈಯೂ ಬ್ಯಾಟಿನ ಭಾಗವೇ." ಥೂ. "ಫಸ್ಟ್ ಬೇಸ್ ದಾಟಿ ಎಡಕ್ಕೆ ತಿರುಗಿದರೆ ಔಟ್." ಥೂ. ಮೂರೂ ಸುಳ್ಳು. ಅಂಪೈರ್ ಲೆಕ್ಕದಲ್ಲಿ ಟೈ ಅನ್ನುವುದೇ ಇಲ್ಲ, ಬಾಲೋ ಕಾಲೋ ಯಾವುದೋ ಒಂದು ಬೇಸಿಗೆ ಮೊದಲು. ಎಡಕ್ಕೆ ತಿರುಗಿ ಸೆಕೆಂಡ್ ಬೇಸ್ ಕಡೆ ನುಗ್ಗಿದರಷ್ಟೇ ಅಪಾಯ, ಸುಮ್ನೆ ತಿರುಗಿ ವಾಪಸ್ ಬಂದರೆ ಏನಿಲ್ಲ. ಇನ್ನು ಬ್ಯಾಟ್ ಹಿಡಿದ ಕೈ ಬ್ಯಾಟಿನ ಭಾಗ ಅನ್ನುವುದು ನಮ್ಮ ಕ್ರಿಕೆಟ್ಟಿನ ರೂಲು. ಅದು ಇವರಿಗೆ ಎಲ್ಲಿ ಸಿಕ್ಕಿತೋ!

ಗುರುವಾರ ನಾನು ಸೆಕೆಂಡ್ ಬೇಸಿನಲ್ಲಿದ್ದೆ, ಫಸ್ಟ್ ಬೇಸಿನಲ್ಲಿ ಇನ್ನೊಬ್ಬ. ಯಾರೂ ಔಟಾಗಿರಲಿಲ್ಲ. ನಮ್ಮವನು ಹೊಡೆದ ಬಾಲು ನೆಟ್ಟಗೆ ಆಕಾಶಕ್ಕೆ ಹೋಯಿತು. ಅಂಪೈರ್ ಕೈಯೆತ್ತಿ "ಇನ್‌ಫೀಲ್ಡ್ ಫ್ಲೈ, ಬ್ಯಾಟರ್ ಔಟ್" ಅಂತ ಕೂಗಿದರು. ಸುಲಭದ ಕ್ಯಾಚನ್ನು ಬೇಕಂತಲೇ ಕೆಡವಿ, ಕ್ಯಾಚ್ ಆಗುತ್ತೆ ಅಂತ ಬೇಸಿನಲ್ಲೇ ನಿಂತ ಇಬ್ಬರನ್ನು ಔಟ್ ಮಾಡುವ ಕಿಲಾಡಿಗಳಿಗಾಗಿ ಮಾಡಿದ ರೂಲು ಇದು. ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್. ನಾವು ಇದ್ದಲ್ಲೇ ಇರಬಹುದು, ಓಡಿದರೆ ನಮ್ಮ ಹಣೆಬರಹ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹುಡುಗ ಬಾಲು ಬಿಟ್ಟ. ಕೋಚ್ ಬೀಜ ನುಂಗಿ "ಗೋ ಗೋ, ಓಡಲೇಬೇಕು!" ಅಂದರು. ಓಡಿದೆ. "ಬ್ಯಾಕ್, ಡೆಡ್ ಬಾಲ್!" ತಿರುಗಿದೆ. "ನೋ, ಗೋ!" ಮತ್ತೆ ತಿರುಗಿದೆ. ಕಾಲಿಗೆ ಕಾಲು ಸಿಕ್ಕಿಕೊಂಡು, ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿದವನಂತೆ ಬಿದ್ದೆ. ಆ ಹುಡುಗ ಓಡಲೂ ಇಲ್ಲ. ಬಾಲು ಎತ್ತಿಕೊಂಡು, ನಿಧಾನಕ್ಕೆ ನಡೆದು ಬಂದು, ನನ್ನ ಬೆನ್ನಿಗೆ ಬಾಲಿದ್ದ ಗ್ಲೌಸ್ ತಾಗಿಸಿ "ಸಾರಿ ಸರ್" ಅಂದ. ಔಟಾಗಿದ್ದಕ್ಕಿಂತ ಆ "ಸರ್" ಚುಚ್ಚಿತು.

ಇದೇ ಊರಿನಲ್ಲಿ 1887ರ ಥ್ಯಾಂಕ್ಸ್‌ಗಿವಿಂಗ್ ದಿನ, ಫ್ಯಾರಗಟ್ ಬೋಟ್ ಕ್ಲಬ್ಬಿನ ಒಳಗೆ, ಬಾಕ್ಸಿಂಗ್ ಗ್ಲೌಸನ್ನು ಉಂಡೆ ಕಟ್ಟಿ ಪೊರಕೆ ಕೋಲಿನಿಂದ ಹೊಡೆದು ಶುರು ಮಾಡಿದ ಆಟವಂತೆ ಇದು. ನಮ್ಮ ತೆಂಗಿನ ಮಟ್ಟೆ ಬ್ಯಾಟಿನ ನೆಂಟನೇ ಅಲ್ವಾ? ಒನ್ ಟಿಪ್ ಒನ್ ಹ್ಯಾಂಡ್ ಔಟ್, ಕಾಂಪೌಂಡ್ ದಾಟಿದರೆ ಔಟ್, ಬ್ಯಾಟ್ ತಂದವನಿಗೆ ಮೊದಲ ಬಾಲ್ ಟ್ರಯಲ್. ಯಾರೂ ಬರೆದಿಡಲಿಲ್ಲ, ಆದರೂ ಬೀದಿಯ ಕೊನೆಯ ಮನೆಯ ಹುಡುಗನಿಗೂ ಗೊತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅಮ್ಮ ಕೂಗಿದರೆ ಮ್ಯಾಚ್ ಮುಗಿಯಿತು, ಅದಕ್ಕೆ ಅಪೀಲೇ ಇರಲಿಲ್ಲ.

ರಾತ್ರಿ ಮೊಣಕಾಲಿಗೆ ಅರಿಶಿನ ಹಚ್ಚುತ್ತಾ "ಯಾಕ್ರೀ ಬೇಕಿತ್ತು ಈ ವಯಸ್ಸಲ್ಲಿ?" ಅಂತ ಹೆಂಡತಿ ಕೇಳುತ್ತಿದ್ದಾಗಲೇ ಟೀಮಿನ ಗ್ರೂಪಿಗೆ ಕೋಚ್ ಮೆಸೇಜು ಬಂತು: "ಇನ್‌ಫೀಲ್ಡ್ ಫ್ಲೈ ಅಂದಮೇಲೆ ರನ್ನರ್ ಓಡುವ ಹಾಗೇ ಇಲ್ಲ. ದಯವಿಟ್ಟು ಎಲ್ಲರೂ ರೂಲ್ಸ್ ಓದಿಕೊಳ್ಳಿ."

ಅದೂ ತಪ್ಪು. ಎಂಟು ಜನ ಆಗಲೇ ಹೆಬ್ಬೆರಳು ಒತ್ತಿದ್ದರು.